ನೀಲಕಂಠಪ್ಪನವರ ಕೈ

ಕರೆಂಟ್ ಬಂತು. ಬನಹಟ್ಟಿಯ ಓಣಿಯ ತುಂಬ ಮಗ್ಗಗಳು ಖಟಖಟ ಎನ್ನತೊಡಗಿದವು. ಪೂರ್ಣಿಮಾಳ ಕಂಪ್ಯೂಟರ್ ಮಾತ್ರ ಉಸಿರೆತ್ತಲಿಲ್ಲ.

ಇಷ್ಟು ದಿನ ಕರೆಂಟ್ ಹೋಗಿ ಬಂದಾಗಲೆಲ್ಲ ಅವಳೇ ಬಂದು ಅದನ್ನೂ, ಅದರೊಳಗೆ ಬಿಲ್ಲಿನ ಲೆಕ್ಕ ಇಡುವ ಡೇಟಾಬೇಸ್ ಸರ್ವರನ್ನೂ ಶುರು ಮಾಡಬೇಕಿತ್ತು. ಅಲ್ಲಿಯವರೆಗೆ ಮಾವನ ಸೀರೆ ಅಂಗಡಿಯಲ್ಲಿ ಬಿಲ್ ಆಗುತ್ತಿರಲಿಲ್ಲ. ನಾಳೆ ಅವಳು ಚೊಚ್ಚಲ ಹೆರಿಗೆಗೆ ಅನಗವಾಡಿಯ ತವರಿಗೆ ಹೊರಡುವವಳು. ಅದಕ್ಕೇ ಕಂಪ್ಯೂಟರ್ ತಾನೇ ಎದ್ದು ಸರ್ವರನ್ನೂ ಎಬ್ಬಿಸಿಕೊಳ್ಳುವಂತೆ ಬೆಳಿಗ್ಗೆಯೇ ಹೊಂದಿಸಿಟ್ಟು, ಕರೆಂಟ್ ಹೋಗುವುದನ್ನು ಹಬ್ಬದಂತೆ ಕಾದಿದ್ದಳು.

ವೈರಿನ ಜಾಡು ಹಿಡಿದು ಗೋಡೆಯವರೆಗೆ ಹೋದಳು. ಸ್ವಿಚ್ಚೇ ಬಂದ್ ಆಗಿತ್ತು.

"ಮಾವಾರ, ಇದನ್ನ ಯಾರ್ ಬಂದ್ ಮಾಡಿದ್ರಿ?"

"ನಾನವ್ವಾ," ಎಂದರು ನೀಲಕಂಠಪ್ಪ. ಅರ್ಧ ಆಯುಷ್ಯ ನೇಯ್ದ ಜೀವ. "ಕರೆಂಟ್ ಹ್ವಾದ ಕೂಡ್ಲೇ ಬಂದ್ ಮಾಡಬೇಕು. ಇಲ್ಲಾಂದ್ರ ಬಂದಾಗ ಮಗ್ಗ ತಾನ ಓಡಿ ಎಳಿ ಹರೀತಾವು."

ಪೂರ್ಣಿಮಾಗೆ ನಗು ತಡೆಯಲಾಗಲಿಲ್ಲ. "ಇದು ತಾನ ಓಡಬೇಕ್ರೀ ಮಾವಾರ."

ಅವಳು ಸ್ವಿಚ್ ಹಾಕಿದ್ದೇ ತಡ, ಕರೆಂಟ್ ಮತ್ತೆ ಹೋಯಿತು. ಓಣಿ ಗಪ್ಪಾಯಿತು. ಮಾವನ ಕೈ ರೂಢಿಯಂತೆ ಸ್ವಿಚ್ಚಿನತ್ತ ಎದ್ದಿತು. ಆ ಕೈ ಗಾಳಿಯಲ್ಲೇ ತಡೆದು ನಿಂತಿತು, ಮೆಲ್ಲಗೆ ಹಿಂದೆ ಸರಿದು ಬೆನ್ನ ಹಿಂದೆ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಕರೆಂಟ್ ಬಂತು. ಮಗ್ಗಗಳು ಇನ್ನೂ ನೇಕಾರರ ಕೈಗಾಗಿ ಕಾಯುತ್ತಿದ್ದಾಗಲೇ ಪರದೆ ಬೆಳಗಿತು. ಸ್ವಲ್ಪ ಹೊತ್ತಿಗೆ, ಸರ್ವರ್ ಎದ್ದಿತೆಂದು ಹೇಳುವ ಹಸಿರು ಚುಕ್ಕೆ ಮೂಲೆಯಲ್ಲಿ ಹೊತ್ತಿಕೊಂಡಿತು. ಯಾರೂ ಏನನ್ನೂ ಮುಟ್ಟಿರಲಿಲ್ಲ.

ನೀಲಕಂಠಪ್ಪ ಬೆನ್ನ ಹಿಂದೆ ಹಿಡಿದ ಕೈ ಸಡಿಲಿಸದೇ ಹೇಳಿದರು: "ಇನ್ನ ನೀ ಆರಾಮ ಹೋಗಿ ಬಾರವ್ವಾ."