ಹಿಂದಿನ ಎಡಚಕ್ರ

ಧರ್ಮಪ್ಪ ಸವೆದ ಟೈರನ್ನು ಅಂಗಡಿಯ ನೆಲಕ್ಕೆ ಎಸೆದ ರಭಸಕ್ಕೆ ಒಳಗಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಹೊರಗಿನ ಅಂಚು ಹೊಸದರಂತೆಯೇ ಇತ್ತು. ಒಳಗಿನ ಅಂಚು ಮಾತ್ರ ತಂತಿ ಕಾಣುವಷ್ಟು ಸವೆದುಹೋಗಿತ್ತು.

"ಎಲ್ಲಿ ಆ ಅಬ್ಬಾಸ್? ಕರೀರಿ ಹೊರಗೆ!"

"ಇಲ್ಲೇ ಪಕ್ಕದಲ್ಲೇ ಇದ್ದೀನಲ್ಲ ಧರ್ಮಪ್ಪಣ್ಣ," ಎಂದ ಅಬ್ಬಾಸ್ ಅಲಿ.

ಧರ್ಮಪ್ಪ ಗಿರ್ರನೆ ತಿರುಗಿದ. ಕಾಲಿಗೆ ಸಿಕ್ಕ ಸ್ಟೂಲು ಉರುಳಿ, ಅದರ ಮೇಲಿದ್ದ ಚಹಾದ ಲೋಟ ಚೂರಾಯಿತು. "ದಾರೀಲಿ ಸ್ಟೂಲ್ ಇಡ್ತಾರೇನ್ರೀ? ಬುದ್ಧಿ ಬೇಡ್ವಾ?" ಎಂದು ಅದಕ್ಕೂ ಬೈದ. ಭದ್ರಾವತಿಯಿಂದ ದುರ್ಗಿಗುಡಿಯವರೆಗೆ ಹೊತ್ತು ತಂದ ಸಿಟ್ಟು ಒಂದು ಲೋಟಕ್ಕೆ ಮುಗಿಯುವಂಥದ್ದಲ್ಲ.

"ವೀಲ್ ಅಲೈನ್‌ಮೆಂಟ್ ಮಾಡ್ಸಿದ್ದು ನಿನ್ನ ಹತ್ರ. ಹೊಸ ಟೈರ್ ಹಾಕ್ಸಿದ್ದು ನಿನ್ನ ಹತ್ರ. ಮತ್ತೆ ಅದೇ ಚಕ್ರ, ಅದೇ ಸವೆತ. ಸ್ಟೆಪ್ನಿ ಹಾಕ್ಕೊಂಡು ಬಂದಿದ್ದೀನಿ. ನನ್ನ ಮೊಮ್ಮಗಳು ಕೂರೋ ಗಾಡಿ ಮಾರಾಯ ಅದು! ರಸ್ತೇಲಿ ಟೈರ್ ಸಿಡಿದಿದ್ರೆ?"

ಅಬ್ಬಾಸ್ ಕಾರನ್ನು ಮೆಷಿನ್ನಿಗೆ ಹತ್ತಿಸಿ ನಾಲ್ಕು ಚಕ್ರಗಳನ್ನೂ ನೋಡಿದ.

"ಮುಂದಿನವು ಸರಿ ಇದಾವೆ. ಹಿಂದಿನ ಎಡಚಕ್ರ ಮತ್ತೆ ಓರೆಯಾಗಿದೆ. ಹೋದ ಸಲ ಆಕ್ಸೆಲ್ ಸಂದಿಗೆ ತೆಳುಪಟ್ಟಿ ಕೊಟ್ಟು ನಾನೇ ನೇರ ಮಾಡಿದ್ದೆ. ಇದಕ್ಕೆ ಪಕ್ಕದಿಂದ ಪೆಟ್ಟು ಬೀಳ್ತಾ ಇದೆ ಅಣ್ಣ. ಒಂದೇ ಸಲ ಅಲ್ಲ. ಈ ಚಕ್ರದ ಕ್ಯಾಪ್ ಎಲ್ಲಿ?"

"ಯಾವನೋ ಕದ್ದ."

"ಗಾಡಿ ಯಾರ್ಯಾರು ಓಡಿಸ್ತೀರಿ?"

"ನಾನೊಬ್ಬನೇ. ಫ್ಯಾಕ್ಟರೀಲಿದ್ದಾಗಿಂದ ಸ್ಟೇರಿಂಗ್ ಹಿಡಿದೋನು ನಾನು. ಅಗೋ, ಎದುರಿಗಿನ ಬೋರ್ಡಿನ ಚಿಕ್ಕ ಅಕ್ಷರ ಕನ್ನಡಕ ಇಲ್ದೆ ಓದ್ಲಾ?" ಗಟ್ಟಿಯಾಗಿ ಓದಿಯೂ ತೋರಿಸಿದ. ಒಂದಕ್ಷರವೂ ತಪ್ಪಲಿಲ್ಲ. ಓದಿ ಮುಗಿಸಿದವನ ಮುಖ ಥಟ್ಟನೆ ಕೆಂಪಾಯಿತು. "ಪರಮೇಶ! ಅವನದೇ ಕೆಲಸ!"

ಪರಮೇಶ ಅಳಿಯ. ಇಟ್ಟಿದ್ದ ಅಂಗಡಿ ಮುಚ್ಚಿದ ಮೇಲೆ ಹೆಂಡತಿ ಅಕ್ಷಯಾಳನ್ನೂ ಮಗಳು ಕವನಳನ್ನೂ ಕರೆದುಕೊಂಡು ಜನ್ನಾಪುರದ ಮಾವನ ಮನೆ ಸೇರಿದ್ದ. ಈಚೆಗೆ ಬೆಳಗಾದರೆ ಅವನದು ಒಂದೇ ರಾಗ. 'ಮಾವ, ಕೀ ಕೊಡಿ, ಕವನನ್ನ ಸ್ಕೂಲಿಗೆ ನಾನೇ ಬಿಟ್ಟು ಬರ್ತೀನಿ.' ಧರ್ಮಪ್ಪ ಒಮ್ಮೆಯೂ ಕೊಟ್ಟಿರಲಿಲ್ಲ. ಕೀ ಅವನ ಉಡಿದಾರದಲ್ಲೇ ಇರುತ್ತಿತ್ತು.

"ನಕಲಿ ಕೀ ಮಾಡಿಸ್ಕೊಂಡಿದ್ದಾನೆ ಬಡ್ಡೀಮಗ. ಇವತ್ತೇ ಗಂಟುಮೂಟೆ ಕಟ್ಟಿಸ್ತೀನಿ."

"ಅವರು ಹೋದ್ರೆ ಮಗಳು, ಮೊಮ್ಮಗಳೂ ಹೋಗ್ತಾರೆ. ಕಣ್ಣಾರೆ ನೋಡದೆ ಯಾರ ಮೇಲೂ ಹೇಳ್ಬೇಡಿ ಅಣ್ಣ."

ಅಬ್ಬಾಸ್ ಚಕ್ರವನ್ನು ನೇರ ಮಾಡಿ, ಬೇರೆ ಟೈರು ಹಾಕಿ, ಅದರ ಹೊರಮೈಗೆ ಹಳದಿ ಬಣ್ಣವನ್ನು ದಪ್ಪಗೆ ಬಳಿದ. "ಇದು ಬೇಗ ಒಣಗಲ್ಲ. ಚಕ್ರ ಎಲ್ಲಿ ತಾಗುತ್ತೋ ಅಲ್ಲಿ ಗುರುತು ಬೀಳುತ್ತೆ. ಸುಮ್ನೆ ಕಾರು ನಿಲ್ಲಿಸಿ ನೋಡಿ."

ಧರ್ಮಪ್ಪನಿಗೆ ಉಪಾಯ ಹಿಡಿಸಿತು. ಕಾರನ್ನು ಹೊರಗೆ ತರುವಾಗ, ಮಡಚಿಕೊಂಡಿದ್ದ ಎಡಗಡೆಯ ಕನ್ನಡಿಯನ್ನು ಅಬ್ಬಾಸ್ ಬಿಡಿಸಿಟ್ಟ. ಅದು ಎಂದಿನಿಂದ ಮಡಚಿಕೊಂಡಿತ್ತೋ, ಧರ್ಮಪ್ಪ ಕೇಳಲಿಲ್ಲ.

ಬಿ.ಎಚ್. ರಸ್ತೆಯಲ್ಲಿ ಒಂದು ಆಟೋ ಪಕ್ಕದಿಂದ ಎದ್ದುಬಂದು ಸ್ವಲ್ಪದರಲ್ಲೇ ತಪ್ಪಿತು. "ಕಣ್ಣು ಕಾಣಲ್ವೇನೋ!" ಎಂದು ಧರ್ಮಪ್ಪ ಅರಚಿದ. ಆಟೋದವನೂ ಅದನ್ನೇ ಅರಚಿದ. ಮನೆ ಮುಟ್ಟಿ ಗೇಟಿನೊಳಗೆ ಎಡಕ್ಕೆ ತಿರುಗಿಸಿದಾಗ ಎಂದಿನಂತೆ ದಡ್ ಎಂದಿತು. ಚರಂಡಿಯ ಚಪ್ಪಡಿಯನ್ನು ಓರೆ ಹಾಕಿದವರ ವಂಶಕ್ಕೆಲ್ಲ ಅವನು ಎಂದಿನಂತೆ ಶಾಪ ಹಾಕಿದ.

"ಬನ್ನಿ ಎಲ್ಲರೂ ಹೊರಗೆ!"

ಹೆಂಡತಿ ಯಲ್ಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಅವನ ಮೊಣಕಾಲಿನ ಕೆಳಗೆ ಬೆಳಿಗ್ಗೆ ತಾನೇ ಕಟ್ಟಿದ್ದ ಪಟ್ಟಿಯಲ್ಲಿ ಮತ್ತೆ ರಕ್ತ ಒಸರುತ್ತಿರುವುದನ್ನು ಕಂಡು ತುಟಿ ಕಚ್ಚಿದಳು. ಅಕ್ಷಯಾ, ಪರಮೇಶ, ಕವನ ಮೂವರೂ ಬಂದರು.

"ನೋಡೋ ಅಳಿಯ, ಹಿಂದಿನ ಚಕ್ರಕ್ಕೆ ಹಳದಿ ಬಣ್ಣ ಬಳಿಸ್ಕೊಂಡು ಬಂದಿದ್ದೀನಿ. ಬೆಳಿಗ್ಗೆ ಅದು ಅಳಿಸಿದ್ರೆ ನೀನು ಈ ಮನೇಲಿರಲ್ಲ. ಮಗಳು ಅತ್ರೂ ಸೈ, ಮೊಮ್ಮಗಳು ಅತ್ರೂ ಸೈ."

ಅಕ್ಷಯಾ ಚಕ್ರದ ಹತ್ತಿರ ಕೂತಳು. "ಎಲ್ಲಪ್ಪಾ? ಆಗಲೇ ಅಳಿಸಿದೆಯಲ್ಲ."

ಧರ್ಮಪ್ಪ ಬಗ್ಗಿ ಮುಖವನ್ನು ಚಕ್ರದ ಹತ್ತಿರ ತಂದ. ಬಣ್ಣವನ್ನು ಯಾರೋ ಬಟ್ಟೆಯಿಂದ ತಿಕ್ಕಿದ ಹಾಗೆ ಅರ್ಧಕ್ಕರ್ಧ ಹೋಗಿತ್ತು. ಅವನು ಪರಮೇಶನ ಕಡೆ ತಿರುಗಿದ. "ಅಬ್ಬಾಸನೂ ನೀನೂ ಸೇರಿ ಆಡ್ತಿರೋ ನಾಟಕಾನಾ ಇದು? ಬಾಯಿ ಬಿಡೋ!"

ಪರಮೇಶ ಗೇಟಿನ ಕಡೆ ನೋಡಿದ.

"ಅಜ್ಜಾ, ಹಳದಿ ಇಲ್ಲಿದೆ!" ಕವನ ಗೇಟಿನಿಂದ ಕೂಗಿದಳು. "ಕಲ್ಲಿನ ಮೇಲೆ!"

ಚರಂಡಿಯ ಕೆಲಸದವರು ಗೇಟಿನ ಮೂಲೆಗೆ ನೆಟ್ಟುಹೋದ ಮೊಣಕಾಲೆತ್ತರದ ಕಲ್ಲು. ದೀಪಾವಳಿಗೆ ಪರಮೇಶ ಅದಕ್ಕೆ ಬೆಳ್ಳಗೆ ಸುಣ್ಣ ಬಳಿದಿದ್ದ. ಈಗ ಆ ಸುಣ್ಣದ ಮೇಲೆ ಟೈರಿನ ಕಪ್ಪು ಗೀರುಗಳಿದ್ದವು. ಅವುಗಳ ಮೇಲೆ ಹಸಿ ಹಳದಿ ಹೊಳೆಯುತ್ತಿತ್ತು.

"ಪಕ್ಕದಲ್ಲಿರೋದು ನಿಮಗೆ ಕಾಣ್ತಿಲ್ಲ ಮಾವ, ಅದಕ್ಕೇ ನಾನು ದಿನಾ ಕೀ ಕೇಳ್ತಿದ್ದಿದ್ದು," ಎಂದ ಪರಮೇಶ.

ಧರ್ಮಪ್ಪ ದಾಪುಗಾಲು ಹಾಕಿ ಗೇಟಿಗೆ ಹೋದ. ಕವನ ಕಲ್ಲಿನ ಹಿಂದೆಯೇ ನಿಂತಿದ್ದಳು. ಅವನು ಅವಳ ಮುಖವನ್ನು ದಿಟ್ಟಿಸಿ ನೋಡಿದ.

"ಎಲ್ಲರೂ ಸೇರಿ ಸುಳ್ಳು ಹೇಳ್ತಿದ್ದೀರಾ? ಯಾವ ಕಲ್ಲು?" ಎಂದು ಗದರಿದ. ಅವನ ಕಾಲಿನ ಪಟ್ಟಿ ಆಗಲೇ ಆ ಕಲ್ಲಿಗೆ ತಾಗಿ ಹಳದಿಯಾಗಿತ್ತು.