ಹೊಲಿಗೆ ಯಂತ್ರಕ್ಕೆ ಬೀಳದ ಓಟು

ದೇವಿಂದ್ರ ಒಂದು ಓಟಿನಿಂದ ಸೋತಿದ್ದ. ಶಹಾಪುರದ ಎಣಿಕೆ ಕೇಂದ್ರದಿಂದ ಅವನು ಮನೆ ಮುಟ್ಟುವ ಮೊದಲೇ ಆ ಸುದ್ದಿ ಮನೆ ಮುಟ್ಟಿತ್ತು. ಊರು ಪಟ್ಟಣ ಪಂಚಾಯಿತಿಯಾದ ಮೇಲೆ ನಡೆದ ಮೊದಲ ಚುನಾವಣೆ ಅದು. ಏಳನೇ ವಾರ್ಡಿಗೆ ಬಸವಂತರಾಯ ಆರಿಸಿ ಬಂದಿದ್ದ.

ಹೆಂಡತಿ ಉಮಾ ಅಂಗಳದಲ್ಲೇ ವಿಚಾರಣೆ ಶುರು ಮಾಡಿದ್ದಳು. ಅಭ್ಯರ್ಥಿಯನ್ನು ಬಿಟ್ಟರೆ ಮನೆಯಲ್ಲಿ ಮೂರು ಓಟು. ತನ್ನದು ಸರಿ ಬಿದ್ದಿತ್ತು. ಮೈದುನ ಮೌನಪ್ಪ ಮಗಳ ತಲೆ ಮುಟ್ಟಿ ಆಣೆ ಮಾಡಿದ್ದ. ಉಳಿದವಳು ಅತ್ತೆ ದುರಗಮ್ಮ.

ಮೂವತ್ತು ವರ್ಷ ಆ ಮನೆಗೆ ಒಂದೇ ಪಕ್ಷ. ಬಾವುಟ ಕಟ್ಟಿದ್ದು, ಓಣಿಯ ಗೋಡೆಗಳಿಗೆ ಗುರುತು ಬರೆದದ್ದು ಎಲ್ಲ ದೇವಿಂದ್ರನೇ. ಟಿಕೇಟು ಮಾತ್ರ ನಿನ್ನೆ ಮೊನ್ನೆ ಸೇರಿದ ಬಸವಂತರಾಯನಿಗೆ ಸಿಕ್ಕಿತು. ಸಿಟ್ಟಿನಲ್ಲಿ ಇವನು ಪಕ್ಷೇತರನಾಗಿ ನಿಂತ. ಗುರುತು ಹೊಲಿಗೆ ಯಂತ್ರ. ತಾಯಿ ಮರೆಯಬಾರದೆಂದು ಪಕ್ಷದ ಗುರುತು, ತನ್ನ ಗುರುತು ಎರಡನ್ನೂ ರಟ್ಟಿನ ಮೇಲೆ ಬರೆದು, ಎಂಟು ದಿನ ಅವಳ ಬೆರಳು ಹಿಡಿದು ಒತ್ತಿಸಿದ್ದ. ದುರಗಮ್ಮ ನಗುತ್ತಿದ್ದಳು. "ನನಗ ಗೊತ್ತಾಗೇದ. ನೀ ಮರೀಬ್ಯಾಡ."

ಉಮಾ ಅದೇ ರಟ್ಟನ್ನು ಅತ್ತೆಯ ಮುಂದಿಟ್ಟಳು.

"ಅವತ್ತು ಯಾವುದು ಒತ್ತಿದ್ರಿ ಅತ್ತಿ? ತೋರಿಸ್ರಿ."

ದುರಗಮ್ಮ ಮಗನ ಮುಖ ನೋಡಿದಳು. ಓಟು ಹಾಕಿ ಬೆವೆತು ಹೊರಬಂದ ದಿನದಿಂದ ಅವನಿಗೆ ಅನ್ನ ಸೇರಿರಲಿಲ್ಲ. ಫಲಿತಾಂಶದ ಚಿಂತೆ ಎಂದು ಎಲ್ಲರೂ ತಿಳಿದಿದ್ದರು.

"ನಂದೇ ತಪ್ಪಿರಬೇಕು," ಎಂದಳು. "ಕಣ್ಣು ಸರಿ ಕಾಣವಲ್ಲವು."

ಶಿರವಾಳದಲ್ಲಿ ದುರಗಮ್ಮನ ಮಗಳ ಮನೆಯಿತ್ತು. ಇನ್ನು ಅಲ್ಲೇ ಇರಲಿ, ಈ ಮುಖ ನೋಡಿಕೊಂಡು ರೊಟ್ಟಿ ಬಡಿಯುವುದು ತನ್ನಿಂದಾಗದು ಎಂದಳು ಉಮಾ. ಮೌನಪ್ಪ ಎದುರಾಡಲಿಲ್ಲ. ದೇವಿಂದ್ರ ನೆಲ ನೋಡುತ್ತ ನಿಂತಿದ್ದ. ದುರಗಮ್ಮ ತನ್ನ ಎರಡು ಸೀರೆ ಮಡಚುತ್ತ, ಹಬ್ಬಕ್ಕಾದರೂ ಕರೆಯುತ್ತೀರಾ ಎಂದು ಕೇಳಿದಳು. ಉಮಾ ಚೀಲ ತಂದು ಮುಂದಿಟ್ಟಳು.

ಮರುದಿನ ಬಸ್ಸಿನ ಕಿಟಕಿಯಿಂದ ಕೈಚಾಚಿ ಅವಳು ಮಗನ ಬಲಗೈ ಹಿಡಿದಳು. ಬೆರಳುಗಳನ್ನು ಸವರಿದಳು.

"ಬ್ಯಾಸರ ಮಾಡ್ಕೋಬ್ಯಾಡಪಾ. ರೂಢಿ ಬಿದ್ದ ಕೈ."

ದೇವಿಂದ್ರ ಬಾಯಿ ತೆರೆದ. ಬಸ್ಸು ಹೊರಟೇಬಿಟ್ಟಿತು.

ಅವತ್ತು ಮತಯಂತ್ರ ಬೀಪ್ ಅಂದ ಮೇಲೆಯೇ ಅವನು ಕಣ್ಣಿಟ್ಟು ನೋಡಿದ್ದ: ಅವನ ಬೆರಳು ಮೂವತ್ತು ವರ್ಷದ ಹಳೆಯ ಗುರುತಿನ ಮುಂದಿನ ಗುಂಡಿಯ ಮೇಲಿತ್ತು, ಪಕ್ಕದಲ್ಲಿ ಕೆಂಪು ದೀಪ ಉರಿಯುತ್ತಿತ್ತು.