ಬೆನ್ನಿಗೋ, ಹೊಟ್ಟೆಗೋ

ಆಕಾಶದಲ್ಲಿ ಆಡಿದ ಮಾತು ಅಳಿಯದೆ ಆಡಿದಲ್ಲೇ ಉಳಿಯತೊಡಗಿ ಹತ್ತು ವರ್ಷವಾಗಿತ್ತು. ವಿಮಾನದ ಬೆನ್ನಿಗೆ ಆಂಟೆನಾ ಹಾಕಿದರೆ ಆ ಹಳೆಯ ಮಾತುಗಳು ಕೇಳುತ್ತಿದ್ದವು. ಹೊಟ್ಟೆಗೆ ಹಾಕಿದರೆ ನೆಲದವರ ಮಾತು. ಎರಡೂ ಕಡೆ ಹಾಕಿದರೆ ಒಂದರ ಮೇಲೊಂದು ಬಿದ್ದು ಯಾವುದೂ ತಿಳಿಯುತ್ತಿರಲಿಲ್ಲ.

ಕುಷ್ಟಗಿಯ ನರ್ಸ್ ನೀಲವ್ವ, ಹೆರಿಗೆ ಮಾಡಿಸಲು ಊರೂರಿಗೆ ಹೋಗಲೆಂದು ಮನೆಯಂಗಳದಲ್ಲೇ ವಿಮಾನ ಕಟ್ಟಿದ್ದಳು. ಬಟ್ಟೆ ಹೊದಿಸಿದ ಮೈಯಾದ್ದರಿಂದ, ದನಿ ಸರಿಯಾಗಿ ಹಿಡಿಯಲು ಆಂಟೆನಾದ ಬುಡಕ್ಕೆ ತಗಡು ಕೂರಿಸಬೇಕಿತ್ತು. ಮೈದುನ ಶಿವಪುತ್ರ ತಗಡು ಹಿಡಿದು ನಿಂತ.

"ಅತ್ತಿಗಿ, ಬೆನ್ನಿಗಿ ಹಾಕೂಣೇನು? ಅಣ್ಣನ ದನಿ ಮ್ಯಾಲೇ ಐತಿ."

ಅವಳ ಗಂಡ ವಿರೂಪಣ್ಣ ಟಪಾಲು ವಿಮಾನ ಹಾರಿಸುತ್ತಿದ್ದವನು. ತೀರಿಕೊಂಡು ಮೂರು ವರ್ಷ. "ಇವತ್ತೊಂದಿನ ಬೆನ್ನಿಗಿ ಟೇಪ್ ಹಚ್ಚಿ ನಿಲ್ಲಸು," ಎಂದಳು.

ಒಬ್ಬಳೇ ಹಾರಿದಳು. ಜೋಳದ ಹೊಲಗಳ ಮೇಲೆ ಬಂದಾಗ ಅವನ ದನಿ ಕೇಳಿಸಿತು: "ಗಾಳಿ ಭಾಳ ಐತಿ. ನೀಲಾಗ ಹೇಳ್ರಿ, ಊಟಕ್ಕ ಕಾಯಬ್ಯಾಡಂತ."

"ನಾ ನೀಲಾ ರೀ," ಎಂದಳು. ಅಲ್ಲೇ ನಾಲ್ಕು ಸುತ್ತು ಹಾಕಿದಳು. ನಾಲ್ಕು ಸಲವೂ ಅದೇ ಮಾತು.

ಇಳಿದು ಕಣ್ಣೊರೆಸಿಕೊಂಡಳು. "ಹೊಟ್ಟಿಗೇ ಹಾಕಪ್ಪ. ನಾ ಏನಂದ್ರೂ ಅವ್ರಿಗೆ ಕೇಳಂಗಿಲ್ಲ. ಕೆಳಗಿನವ್ರಿಗೆ ಕೇಳತೈತಿ."

ಮರುದಿನ ಹಾರುತ್ತಿದ್ದಾಗ ರೇಡಿಯೋದಲ್ಲಿ ಹನುಮಸಾಗರದ ಕಡೆಯಿಂದ ಹುಡುಗಿಯೊಬ್ಬಳ ಗಾಬರಿಯ ದನಿ ಬಂತು: "ಅಕ್ಕಾರ, ನಮ್ಮ ಅತ್ತಿಗಿಗೆ ಹೆರಿಗಿ ಬ್ಯಾನಿ ಸುರುವಾಗ್ಯಾವ್ರಿ. ಸಾಲಿ ಬಯಲಾಗ ಇಳೀತೀರೇನ್ರಿ?"

"ಬಂದೆ ತಂಗಿ, ನೀರು ಕಾಯಿಸಿಡು," ಎಂದು ನೀಲವ್ವ ವಿಮಾನ ತಿರುಗಿಸಿದಳು. ದೀಪ ಹಚ್ಚುವ ಹೊತ್ತಿಗೆ ಆ ಮನೆಯಲ್ಲಿ ಹೆಣ್ಣುಕೂಸೊಂದು ಗಟ್ಟಿಯಾಗಿ ಅಳುತ್ತಿತ್ತು. ಅದನ್ನು ಎದೆಗೊತ್ತಿಕೊಂಡು ನೀಲವ್ವ ನಗುತ್ತಿದ್ದಳು.